ಓದುಗರ ಪ್ರಶ್ನೆ: ಗ್ಯಾಂಬಿಯಾದ ಶಾಲೆಗೆ ಮೊದಲ ಪತ್ರ

ಪ್ರಶ್ನೆ: ನಾನು ಗದಗ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನನ್ನ ತಮ್ಮನ ಮಗಳು ಇಂಗ್ಲೆಂಡಿನಲ್ಲಿ ಓದುತ್ತಿದ್ದು, ಅವಳ ಶಾಲೆಗೂ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ದೇಶದ ಒಂದು ಶಾಲೆಗೂ ವಿನಿಮಯ ಸಂಬಂಧವಿದೆ. ಕಳೆದ ಫೆಬ್ರುವರಿಯಲ್ಲಿ ಅವಳು ಸಹಪಾಠಿಗಳೊಂದಿಗೆ ಅಲ್ಲಿಗೆ ಹೋಗಿ ಹತ್ತು ದಿನ ಇದ್ದು ಬಂದಳು. ಅಲ್ಲಿನ ಮಕ್ಕಳು ಇಂಗ್ಲೆಂಡಿಗೆ ಬರುವುದು ಇನ್ನೂ ಆಗಿಲ್ಲ. ಅವಳು ಕಳಿಸಿದ ಚಿತ್ರಗಳನ್ನು ತರಗತಿಯಲ್ಲಿ ತೋರಿಸಿದ ದಿನದಿಂದ ನನ್ನ ವಿದ್ಯಾರ್ಥಿಗಳು, ‘ನಾವೂ ಆ ಸಾಲಿ ಹುಡುಗರ ಜೋಡಿ ದೋಸ್ತಿ ಮಾಡೂಣ್ರಿ ಅಕ್ಕೋರ’ ಎಂದು ಬೆನ್ನು ಹತ್ತಿದ್ದಾರೆ. ಪೆನ್ಸಿಲ್ಲು, ಹಳೆಯ ಬಟ್ಟೆ ಕೂಡಿಸಿ ಕಳಿಸೋಣ ಎಂಬುದು ಕೆಲವರ ಸಲಹೆ. ಪ್ರಯಾಣದ ಖರ್ಚು ನಮ್ಮ ಕೈಮೀರಿದ್ದು. ಎಲ್ಲಿಂದ ಆರಂಭಿಸಬೇಕು?
(ಒಬ್ಬ ಶಿಕ್ಷಕಿ, ಗದಗ ಜಿಲ್ಲೆ)

ಉತ್ತರ: ಪೆನ್ಸಿಲ್ಲಿನ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಹಲವು ವರ್ಷಗಳ ಹಿಂದೆ ನಾನು ಹಾವೇರಿ ಕಡೆಯ ಒಂದು ಶಾಲೆಯಲ್ಲಿದ್ದಾಗ ಹೊರದೇಶದ ಅತಿಥಿಗಳು ಬಂದಿದ್ದರು. ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈಗೂ ಒಂದು ಪೆನ್ಸಿಲ್ ಕೊಟ್ಟು, ಕೊಡುವಾಗಲೆಲ್ಲ ಚಿತ್ರ ತೆಗೆಯಲಾಯಿತು. ಆರನೆಯ ತರಗತಿಯ ಹುಡುಗಿಯೊಬ್ಬಳು ಅವ್ವನಿಂದ ಶೇಂಗಾ ಉಂಡಿ ಕಟ್ಟಿಸಿಕೊಂಡು ಕರವಸ್ತ್ರದಲ್ಲಿ ಗಂಟು ಹಾಕಿ ತಂದಿದ್ದಳು. ಎಡಗೈಯಲ್ಲಿ ಆ ಗಂಟು, ಬಲಗೈಯಲ್ಲಿ ಪೆನ್ಸಿಲ್ಲು. ಗಂಟನ್ನು ಬಲಗೈಗೆ ದಾಟಿಸಿಕೊಂಡು ಮುಂದೆ ಚಾಚುವಷ್ಟರಲ್ಲಿ ಅತಿಥಿಗಳು ಪಕ್ಕದ ಮಗುವಿನ ಮುಂದಿದ್ದರು. ಅವರ ವಾಹನ ಹೊರಟ ಮೇಲೂ ಗಂಟು ಅವಳ ಕೈಯಲ್ಲೇ ಇತ್ತು, ಬೆಲ್ಲ ಕರಗಿ ಕರವಸ್ತ್ರದ ಮೇಲೆ ಕಲೆಯಾಗಿತ್ತು. ಅಂದು ನಾನೂ ಅಲ್ಲೇ ನಿಂತಿದ್ದೆ, ಬಾಯಿ ತೆರೆಯಲಿಲ್ಲ. ಆದ್ದರಿಂದ ತಮ್ಮ ವಿದ್ಯಾರ್ಥಿಗಳ ಒಳ್ಳೆಯ ಮನಸ್ಸನ್ನು ನೋಯಿಸದೆ, ವಸ್ತು ಕೂಡಿಸುವುದನ್ನು ಈಗಲೇ ನಿಲ್ಲಿಸಿರಿ. ಒಮ್ಮೆ ಒಂದು ಕಡೆಯವರು ಕೊಡುವವರು, ಇನ್ನೊಂದು ಕಡೆಯವರು ಪಡೆಯುವವರು ಎಂದು ಗೊತ್ತಾಗಿಬಿಟ್ಟರೆ, ಆಮೇಲೆ ಮಕ್ಕಳ ನಡುವೆ ಸಮಸಮನಾದ ಮಾತು ಹುಟ್ಟುವುದು ಬಹಳ ಕಷ್ಟ.

ತಮ್ಮ ಸೋದರ ಸೊಸೆಯ ಶಾಲೆಗೂ ಇದೇ ಅಡ್ಡಿ ಇರಬಹುದು, ಅದು ಬೇರೊಂದು ರೂಪದಲ್ಲಿ. ಬ್ರಿಟಿಷ್ ಪಾಸ್‌ಪೋರ್ಟ್ ಇರುವ ಮಗು ವೀಸಾ ಇಲ್ಲದೆಯೇ ಗ್ಯಾಂಬಿಯಾಕ್ಕೆ ಹೋಗಬಹುದು. ಗ್ಯಾಂಬಿಯಾದ ಮಗುವಿಗೆ ಇಂಗ್ಲೆಂಡಿಗೆ ಬರಲು ವೀಸಾ ಬೇಕೇ ಬೇಕು, ಅರ್ಜಿ ತಿರಸ್ಕೃತವಾದರೆ ಕಟ್ಟಿದ ಶುಲ್ಕವೂ ಮರಳುವುದಿಲ್ಲ. ಹೀಗಿರುವಾಗ ಮರುಭೇಟಿಯ ಹಣವನ್ನೂ ಕಾಗದಪತ್ರಗಳನ್ನೂ ಮೊದಲ ಪ್ರಯಾಣಕ್ಕಿಂತ ಮುಂಚೆಯೇ ಸಿದ್ಧಮಾಡಿಕೊಂಡ ಶಾಲೆಗಳಿಗೆ ಮಾತ್ರ ‘ವಿನಿಮಯ’ ಎಂಬ ಪದ ಒಪ್ಪುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅವಳ ಶಿಕ್ಷಕರಲ್ಲಿ ಈ ಮಾತು ಕೇಳಲು ಅವಳಿಗೆ ಹೇಳಿರಿ.

ಆ ದೇಶದ ಬಗ್ಗೆ ತಮ್ಮ ತರಗತಿಗೆ ಬೇಕಾದ ಕೆಲವು ಸಂಗತಿಗಳು. ಗ್ಯಾಂಬಿಯಾ ಆಫ್ರಿಕಾದ ಮುಖ್ಯ ಭೂಭಾಗದ ಅತಿ ಚಿಕ್ಕ ದೇಶ. ಅದೇ ಹೆಸರಿನ ನದಿಯ ಎರಡೂ ದಂಡೆಗಳಿಗೆ ಅಂಟಿಕೊಂಡು ಉದ್ದಕ್ಕೆ ಚಾಚಿದ್ದು, ಕಡಲ ದಿಕ್ಕೊಂದನ್ನು ಬಿಟ್ಟರೆ ಸುತ್ತಲೂ ಸೆನೆಗಲ್ ದೇಶವಿದೆ. 1965ರ ಫೆಬ್ರುವರಿ 18ರಂದು ಬ್ರಿಟನ್ನಿನಿಂದ ಸ್ವತಂತ್ರವಾಯಿತು. ಶಾಲೆಯಲ್ಲಿ ಇಂಗ್ಲಿಷ್ ಇದ್ದರೂ ಮನೆಯಲ್ಲಿ ಮಕ್ಕಳು ಮಂಡಿಂಕಾ, ವೊಲೊಫ್, ಫುಲಾ ಮೊದಲಾದ ನುಡಿಗಳನ್ನಾಡುತ್ತಾರೆ. ವೊಲೊಫ್ ನುಡಿಯಲ್ಲಿ ‘ಹೇಗಿದ್ದೀರಿ’ ಎಂದು ಕೇಳಿದರೆ ಬರುವ ಉತ್ತರ ‘ಮಾಂಗಿ ಫಿ’, ಅಂದರೆ ‘ಇಲ್ಲೇ ಇದ್ದೇನೆ’. ನಮ್ಮ ಹಿರಿಯರು ‘ಅದೀವಿ ನೋಡ್ರಿ ಹಿಂಗ’ ಎನ್ನುವ ಹಾಗೆಯೇ ಇದು ಕೇಳಿಸುತ್ತದೆ. ಒಂದೇ ದೊಡ್ಡ ಬೋಗುಣಿಯ ಸುತ್ತ ಕುಳಿತು ಬಲಗೈಯಿಂದ ಉಣ್ಣುವುದು, ಎಡಗೈಯಿಂದ ಏನನ್ನೂ ಕೊಡದಿರುವುದು ಇಂಗ್ಲೆಂಡಿನ ಮಕ್ಕಳು ಅಲ್ಲಿಗೆ ಹೋಗುವ ಮುನ್ನ ಹೇಳಿಸಿಕೊಂಡು ಕಲಿಯಬೇಕಾದ ನಡವಳಿಕೆ. ತಮ್ಮ ಮಕ್ಕಳಿಗೆ ಎಡಗೈಯ ವಿಷಯವನ್ನಂತೂ ಯಾರೂ ಹೇಳಿಕೊಡಬೇಕಿಲ್ಲ.

ಶೇಂಗಾ ಆ ನಾಡಿನ ಮುಖ್ಯ ವಾಣಿಜ್ಯ ಬೆಳೆ. ನಮ್ಮಲ್ಲಿಯಂತೆ ಅಲ್ಲಿಯೂ ಜೂನ್-ಜುಲೈ ಮಳೆಗೆ ಬಿತ್ತಿ, ಮಳೆಗಾಲ ಮುಗಿಯುವ ಹೊತ್ತಿಗೆ ಕೀಳುತ್ತಾರೆ. ಶೇಂಗಾ ಅರೆದು ಕುದಿಸಿದ ‘ಡೊಮೊಡಾ’ ಎಂಬ ಗಟ್ಟಿ ಸಾರನ್ನು ಅನ್ನದೊಂದಿಗೆ ಉಣ್ಣುತ್ತಾರೆ. ಗದಗ ಸೀಮೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮಾತಿನ ಎಳೆ ಸಿಗಲಾರದು. ಮೊದಲ ಪತ್ರದಲ್ಲಿ ತಮ್ಮ ವಿದ್ಯಾರ್ಥಿಗಳು ಬರಿಯ ಪ್ರಶ್ನೆಗಳನ್ನು ಕೇಳಲಿ: ಗಿಡ ಕಿತ್ತ ಮೇಲೆ ಎಷ್ಟು ದಿನ ಒಣಗಿಸುತ್ತೀರಿ, ಕಾಯಿ ಬಿಡಿಸುವವರು ಯಾರು, ಹೊಟ್ಟನ್ನು ದನಗಳಿಗೆ ಹಾಕುತ್ತೀರಾ, ಆ ದಿನಗಳಲ್ಲಿ ಶಾಲೆಗೆ ಎಷ್ಟು ಮಕ್ಕಳು ಬರುತ್ತಾರೆ? ಕೊನೆಯ ಪ್ರಶ್ನೆಗೆ ತಮ್ಮ ಶಾಲೆಯ ಹಾಜರಿ ಪುಸ್ತಕದ ಉತ್ತರವನ್ನೂ ಬರೆದು ಕಳಿಸಿರಿ. ಶೇಂಗಾ ಬೆಳೆಯದ ಇಂಗ್ಲೆಂಡಿನಿಂದ ತಮ್ಮ ಸೊಸೆಯೂ ಕೇಳುವವಳಾಗಿ ಈ ಪತ್ರವ್ಯವಹಾರದಲ್ಲಿ ಸೇರಬಹುದು.

ಇನ್ನು ಚರಿತ್ರೆ. ನದಿಯಲ್ಲಿರುವ ಕುಂಟಾ ಕಿಂಟೆ ದ್ವೀಪವನ್ನು ಅವಳು ನೋಡಿರಬಹುದು. ಜೇಮ್ಸ್ ದ್ವೀಪ ಎಂದು ಕರೆಯಲಾಗುತ್ತಿದ್ದ ಆ ನೆಲದಲ್ಲಿ ಬ್ರಿಟಿಷರ ಕೋಟೆಯಿತ್ತು. 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಮೊದಲು ಅಲ್ಲಿಂದ ಜನರನ್ನು ಹಡಗಿಗೆ ಹತ್ತಿಸುತ್ತಿದ್ದರು. 2003ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಇಂಗ್ಲೆಂಡಿನ ಮಗುವೂ ಗ್ಯಾಂಬಿಯಾದ ಮಗುವೂ ಅಕ್ಕಪಕ್ಕ ನಿಂತಾಗ ಏನು ಮಾತಾಡಬೇಕೆಂದು ಇಬ್ಬರಿಗೂ ತೋಚದು. ಎರಡೂ ಶಾಲೆಗಳು ಅದೇ ಪಾಠವನ್ನು ಮುಂಚಿತವಾಗಿ ಮಾಡಿ ಮುಗಿಸಿರಬೇಕು. ತಮ್ಮ ತರಗತಿಗೂ ಇದು ದೂರದ ಕಥೆಯಲ್ಲ. ಕಲಘಟಗಿ, ಹಳಿಯಾಳದ ಕಡೆ ಕನ್ನಡ, ಕೊಂಕಣಿ ಮಾತಾಡಿಕೊಂಡಿರುವ ಸಿದ್ದಿ ಜನರಲ್ಲಿ ಅನೇಕರ ಪೂರ್ವಜರು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದ ಪೂರ್ವ ತೀರದಿಂದ ಗೋವೆಗೆ ಗುಲಾಮರಾಗಿ ಬಂದವರು. ಗ್ಯಾಂಬಿಯಾಕ್ಕೆ ಪತ್ರ ಬರೆಯುವ ಮೊದಲು ತಮ್ಮ ಮಕ್ಕಳು ಒಂದು ದಿನ ಕಲಘಟಗಿ ಕಡೆಯ ಸಿದ್ದಿ ಮಕ್ಕಳ ಶಾಲೆಗೆ ಹೋಗಿ, ಅವರನ್ನು ತಮ್ಮ ಶಾಲೆಗೂ ಕರೆದು ಬಂದರೆ ಬಹಳ ಸಂತೋಷ. ಅದಕ್ಕೆ ಒಂದು ಬಸ್ಸಿನ ಖರ್ಚು ಸಾಕು.

ವಿಡಿಯೊ ಕರೆಯಲ್ಲಿ ಮುಖ ನೋಡಿ ಮಾತಾಡಬೇಕೆಂದರೆ ಸಮಯವೂ ಹೊಂದುತ್ತದೆ: ಅಲ್ಲಿ ಬೆಳಿಗ್ಗೆ ಹತ್ತಾದಾಗ ನಮ್ಮಲ್ಲಿ ಮಧ್ಯಾಹ್ನ ಮೂರೂವರೆ. ಮಾತಿಗಿಂತ ಮೊದಲು ಎರಡು ಮೂರು ಪತ್ರಗಳಾದರೂ ಹೋಗಿ ಬಂದಿರಲಿ. ಇಲ್ಲವಾದರೆ ಮಕ್ಕಳು ಪರದೆಯ ಮುಂದೆ ಕೈಬೀಸಿ ನಗುವುದರಲ್ಲೇ ಅವಧಿ ಮುಗಿಯುತ್ತದೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಓದುವ ನಮ್ಮ ಮೊಮ್ಮಗ ಇಂಥದೇ ವಿನಿಮಯದಲ್ಲಿ ಘಾನಾಕ್ಕೆ ಹೋಗಿ, ಅಲ್ಲಿಂದ ನೇರವಾಗಿ ರಜೆಗೆ ನಮ್ಮಲ್ಲಿಗೆ ಬರುತ್ತಾನೆ. ಚುಚ್ಚುಮದ್ದು ಬೇಕೆ?
(ಹಿರಿಯ ಓದುಗರು, ಹುಬ್ಬಳ್ಳಿ)

ಉತ್ತರ: ಬೇಕು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ಘಾನಾ ಒಳಬರುವಾಗಲೇ ಕೇಳುತ್ತದೆ. ಅಲ್ಲಿಂದ ಆರು ದಿನಗಳೊಳಗೆ ಭಾರತಕ್ಕೆ ಬಂದವರಲ್ಲಿ ಆ ಪತ್ರ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲಿ ಅವರನ್ನು ಪ್ರತ್ಯೇಕವಾಗಿ ಇರಿಸುತ್ತಾರೆ. ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರವೇ ಪತ್ರಕ್ಕೆ ಮಾನ್ಯತೆ ಬರುವುದರಿಂದ ಕೊನೆಯ ವಾರದವರೆಗೆ ಕಾಯಬೇಡಿ. ಮಲೇರಿಯಾ ತಡೆಯುವ ಮಾತ್ರೆಗಳನ್ನು ಅವನು ಹುಬ್ಬಳ್ಳಿಗೆ ಬಂದ ಮೇಲೂ ವೈದ್ಯರು ಹೇಳಿದಷ್ಟು ದಿನ ನುಂಗಬೇಕಾಗುತ್ತದೆ. ಮನೆಗೆ ಬಂದಾಯಿತೆಂದು ಅವನು ಬಿಟ್ಟುಬಿಡದಂತೆ ತಾವು ನೋಡಿಕೊಳ್ಳಿರಿ.