ನಳಿಕೆ ಕತ್ತರಿಸಿದ ರೈಫಲ್‌ಗೆ ಯಾವ ಕಾಡತೂಸು?

ಪ್ರಶ್ನೆ: ಜಗಳೂರು ತಾಲ್ಲೂಕಿನಲ್ಲಿ ನಮಗೆ ನಾಲ್ಕು ಎಕರೆ ಮೆಕ್ಕೆಜೋಳವಿದೆ. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಕಾಡುಹಂದಿಗಳು ಹಿಂಡು ಹಿಂಡಾಗಿ ನುಗ್ಗುತ್ತವೆ. ತಂದೆಯವರ ಕಾಲದ .315 ರೈಫಲ್ ಇದೆ, ಪರವಾನಗಿ ಈಗ ನನ್ನ ಹೆಸರಿನಲ್ಲಿದೆ. ಬಾಯಿಯ ಬಳಿ ತುಕ್ಕು ತಿಂದಿದ್ದರಿಂದ ಹಿಂದೆ ಯಾರೋ ನಳಿಕೆಯನ್ನು ನಾಲ್ಕು ಇಂಚು ಕತ್ತರಿಸಿದ್ದಾರೆ. ಹಂದಿ ಹೊಡೆಯಲು ಇದಕ್ಕೆ ಯಾವ ಕಾಡತೂಸು ಸರಿ?
– ಒಬ್ಬ ರೈತ, ಜಗಳೂರು

ಉತ್ತರ: ಆ ರೈಫಲ್‌ಗೆ ಯಾವ ಕಾಡತೂಸನ್ನೂ ತುಂಬಬೇಡಿ. ಬೆಳೆದು ನಿಂತ ತೆನೆಯನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಳ್ಳುವ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣಗಳಿವೆ.

ಗುಂಡು ನಳಿಕೆಯೊಳಗೆ ಇರುವಷ್ಟು ಹೊತ್ತು ಮಾತ್ರ ಮದ್ದಿನ ಅನಿಲ ಅದನ್ನು ತಳ್ಳುತ್ತದೆ. ನಳಿಕೆ ಗಿಡ್ಡವಾದರೆ ಆ ತಳ್ಳಾಟವೂ ಬೇಗ ಮುಗಿಯುತ್ತದೆ. ಸಾಮಾನ್ಯ ರೈಫಲ್‌ಗಳಲ್ಲಿ ನಳಿಕೆ ಒಂದು ಇಂಚು ಗಿಡ್ಡವಾದರೆ ಗುಂಡಿನ ವೇಗ ಸೆಕೆಂಡಿಗೆ ಸುಮಾರು 6ರಿಂದ 15 ಮೀಟರ್ ಕಡಿಮೆಯಾಗುತ್ತದೆ. ನಾಲ್ಕು ಇಂಚಿಗೆ ಅದು 25ರಿಂದ 60 ಮೀಟರ್. ಪೂರ್ತಿ ಉರಿಯದ ಮದ್ದು ಬಾಯಿಯ ಹೊರಗೆ ಬೆಂಕಿಯ ಉಂಡೆಯಾಗಿ ಸಿಡಿಯುತ್ತದೆ, ಸದ್ದು ಕಿವಿಗೆ ಅಪ್ಪಳಿಸುತ್ತದೆ. ಮೃದು ಮೂತಿಯ ಗುಂಡು ಪ್ರಾಣಿಯ ದೇಹದಲ್ಲಿ ಅರಳಬೇಕಾದರೆ, ಅಂದರೆ ಹರಡಿ ಅಗಲವಾಗಬೇಕಾದರೆ, ಅದಕ್ಕೊಂದು ಕನಿಷ್ಠ ವೇಗ ಬೇಕು. ಅದಿಲ್ಲದಿದ್ದರೆ ಗುಂಡು ಸಣ್ಣ ತೂತು ಮಾಡಿ ಹಾದುಹೋಗುತ್ತದೆ. ಗಾಯಗೊಂಡ ಹಂದಿ ಜೋಳದೊಳಗೆ ನುಸುಳಿ, ಬೆಳಿಗ್ಗೆ ನೀರು ಹಾಯಿಸಲು ಹೋದವರ ಮೇಲೆ ಬೀಳುತ್ತದೆ. ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ದೇಶಗಳಲ್ಲಿ ಗಿಡ್ಡ ನಳಿಕೆಯವರು ಕಡಿಮೆ ವೇಗದಲ್ಲೂ ಅರಳುವ ಗುಂಡನ್ನು ಆರಿಸುತ್ತಾರೆ, ಇಲ್ಲವೇ ಬೇಗ ಉರಿಯುವ ಮದ್ದಿನ .300 ಬ್ಲ್ಯಾಕ್‌ಔಟ್‌ನಂತಹ ಕಾಡತೂಸಿಗೇ ತಯಾರಾದ ರೈಫಲ್ ಕೊಳ್ಳುತ್ತಾರೆ. ಅಮೆರಿಕದಲ್ಲೂ 16 ಇಂಚಿಗಿಂತ ಗಿಡ್ಡ ನಳಿಕೆಯ ರೈಫಲ್‌ಗೆ 1934ರ ಕಾಯ್ದೆಯಡಿ ನೋಂದಣಿ ಬೇಕು.

ವೇಗಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ನಳಿಕೆಯ ಬಾಯಿ. ಗುಂಡು ಹೊರಬೀಳುವ ಕ್ಷಣದಲ್ಲಿ ಅನಿಲವು ಸುತ್ತಲೂ ಸಮನಾಗಿ ಹೊರಚಿಮ್ಮಬೇಕು. ಗರಗಸದಿಂದ ಕೊಯ್ದ ಅಂಚಿನಲ್ಲಿ ಅದು ಆಗುವುದಿಲ್ಲ. ಹೀಗೆ ಕೊಯ್ದ ಒಂದು ನಳಿಕೆಯನ್ನು ನಾನು ಪರೀಕ್ಷಿಸಿದ್ದೇನೆ. ಬಾಯಿಯ ಒಳಅಂಚಿನ ಸುತ್ತ ಹತ್ತಿಯನ್ನು ಮೆಲ್ಲಗೆ ಸವರಿದಾಗ ಒಂದು ಕಡೆ ಎಳೆಗಳು ಸಿಕ್ಕಿಕೊಂಡು ನಿಂತವು. ಕಣ್ಣಿಗೆ ಕಾಣದ ಆ ಮುಳ್ಳು ಸಾಕು, ಗುಂಡು ಹೊರಡುವಾಗಲೇ ಓಲಾಡುತ್ತದೆ. ಮುಂಭಾಗದ ಗುರಿಮೊನೆಯೂ ಕತ್ತರಿಸಿದ ತುಂಡಿನೊಂದಿಗೇ ಹೋಗಿರುತ್ತದೆ. ಈ ದೋಷಗಳನ್ನು ಯಾವ ಕಾಡತೂಸೂ ಸರಿಪಡಿಸದು. ಗುರಿ ತಪ್ಪಿದ ರೈಫಲ್ ಗುಂಡು ಒಂದು ಕಿಲೋಮೀಟರ್ ದಾಟಿಯೂ ಕೊಲ್ಲಬಲ್ಲದು. ಆ ದೂರದಲ್ಲಿ ಯಾರದೋ ಹೊಲದಲ್ಲಿ ಯಾರೋ ಕಾವಲು ಮಲಗಿರಬಹುದು.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನ ಪ್ರಕಾರ ನಳಿಕೆ ಗಿಡ್ಡ ಮಾಡಲು ಪ್ರತ್ಯೇಕ ಪರವಾನಗಿಯೇ ಬೇಕು. ಅದಿಲ್ಲದೆ ಕತ್ತರಿಸಿದವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ ಜೈಲು. ಕತ್ತರಿಸಿದ್ದು ನೀವಲ್ಲ, ನಿಜ. ಆದರೆ ರೈಫಲ್ ಇರುವುದು ನಿಮ್ಮ ಹೆಸರಿನಲ್ಲಿ. ಮೊದಲು ಒಬ್ಬ ವಕೀಲರನ್ನು ಕಾಣಿರಿ. ಅವರ ಮೂಲಕ ಜಿಲ್ಲಾಧಿಕಾರಿ ಕಚೇರಿಗೆ ಲಿಖಿತವಾಗಿ ತಿಳಿಸಿ, ರೈಫಲನ್ನು ಠಾಣೆಯಲ್ಲಿ ಠೇವಣಿ ಇಡಿ. ಗುಟ್ಟಾಗಿ ದುರಸ್ತಿಗೆ ಮಾತ್ರ ಕೊಡಬೇಡಿ.

ಬಂದೂಕಿನ ಪರವಾನಗಿ ಇದ್ದರೂ ಬೇಟೆಗೆ ಅನುಮತಿ ಸಿಕ್ಕಂತಲ್ಲ. ಕಾಡುಹಂದಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ, ಅಂದರೆ ಸಂರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿದೆ. ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲುವುದಕ್ಕೂ 11ನೇ ಕಲಮಿನಡಿ ಅಧಿಕಾರಿಯ ಲಿಖಿತ ಆದೇಶ ಬೇಕು. ನಿಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ವನ್ಯಧಾಮವಿದೆ. ಕತ್ತಲಲ್ಲಿ ಜೋಳದ ದಂಟು ಅಲುಗಿದ ಕಡೆಗೆ ಗುಂಡು ಹಾರಿಸಿದರೆ, ಬೀಳುವುದು ಹಂದಿಯೋ ಇನ್ನೂ ಹೆಚ್ಚಿನ ರಕ್ಷಣೆಯಿರುವ ಮೊದಲನೇ ಅನುಸೂಚಿಯ ಕೊಂಡುಕುರಿಯೋ ಎಂದು ಯಾರು ಹೇಳಬಲ್ಲರು?

ಹಾನಿಯಾದ ಮರುದಿನವೇ ಮುರಿದ ದಂಟು, ಹೆಜ್ಜೆ ಗುರುತುಗಳ ಫೋಟೊ ತೆಗೆದು, ಪಹಣಿಯೊಂದಿಗೆ ವಲಯ ಅರಣ್ಯ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಕೊಡಿ. ಅಕ್ಕಪಕ್ಕದ ಹೊಲದವರು ಒಟ್ಟಾಗಿ ಸೌರ ಬೇಲಿ ಹಾಕಿಸಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಹಂದಿ ಮೂತಿ ತೂರಿಸಿ ನುಗ್ಗುವುದು ಕೆಳಗಿನಿಂದ. ಆದ್ದರಿಂದ ಮೊದಲ ತಂತಿ ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು, ಅದಕ್ಕೆ ತಾಗದಂತೆ ಹುಲ್ಲನ್ನು ವಾರಕ್ಕೊಮ್ಮೆ ಕತ್ತರಿಸುತ್ತಿರಿ. ಪಂಪ್‌ಸೆಟ್‌ನ ವಿದ್ಯುತ್ ಲೈನನ್ನು ಮಾತ್ರ ಯಾವ ಕಾರಣಕ್ಕೂ ಬೇಲಿಗೆ ಜೋಡಿಸಬೇಡಿ.