ನಗರಸಭೆ ಬಂದ ಮೇಲೆ ಊರನ್ನು ನಗರ ಅನ್ನಬೇಕಾ?

ಪ್ರಶ್ನೆ: ನಂಜನಗೂಡಿನಲ್ಲಿ ಈಗ ನಗರಸಭೆ ಇದೆ. ಆದರೂ ಸುಮಾರು ಜನ ಪಟ್ಟಣ ಅಂತಲೇ ಕರೆಯುತ್ತಾರೆ. ನಮ್ಮ ಸಂಘದ ಸ್ಮರಣ ಸಂಚಿಕೆಗೆ ಊರಿನ ಪರಿಚಯ ಬರೆಯುತ್ತಿದ್ದೇನೆ. ಪಟ್ಟಣ ಅಂತ ಬರೆಯಲಾ, ನಗರ ಅಂತ ಬರೆಯಲಾ?

ಉತ್ತರ:

ಪಟ್ಟಣ ಅಂತ ಬರೆಯಿರಿ. ನಗರಸಭೆ ಅಧ್ಯಕ್ಷರ ಶುಭಾಶಯ ಸಂದೇಶ ಹಾಕುವುದಿದ್ದರೆ ಅದರ ಕೆಳಗೆ ಮಾತ್ರ 'ನಗರಸಭೆ, ನಂಜನಗೂಡು' ಅಂತ ಇರಲಿ. ಒಂದು ಕಚೇರಿಯ ಹೆಸರು, ಇನ್ನೊಂದು ಊರಿನ ವರ್ಣನೆ. ಎರಡೂ ಒಂದೇ ಆಗಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ.

ಕಚೇರಿಗೆ ಹೆಸರು ಕೊಡುವುದು ಕರ್ನಾಟಕ ಪುರಸಭೆಗಳ ಕಾಯ್ದೆ, 1964ರದ್ದು. ಅದರ ಮುಖ್ಯ ಅಳತೆ ಜನಸಂಖ್ಯೆ. 10 ಸಾವಿರದಿಂದ 20 ಸಾವಿರದವರೆಗೆ ಪಟ್ಟಣ ಪಂಚಾಯಿತಿ, ಅಲ್ಲಿಂದ 50 ಸಾವಿರದವರೆಗೆ ಪುರಸಭೆ, 50 ಸಾವಿರ ದಾಟಿದರೆ 3 ಲಕ್ಷದವರೆಗೂ ನಗರಸಭೆ. ಅದಕ್ಕಿಂತ ದೊಡ್ಡದು ಮಹಾನಗರ ಪಾಲಿಕೆ, ಅದಕ್ಕೆ 1976ರ ಬೇರೆ ಕಾಯ್ದೆ ಇದೆ. ಜನಸಾಂದ್ರತೆ, ಬೇಸಾಯ ಬಿಟ್ಟು ಬೇರೆ ಕೆಲಸ ಮಾಡುವವರ ಪ್ರಮಾಣ ಇವನ್ನೂ ನೋಡುತ್ತಾರೆ. 2011ರ ಜನಗಣತಿಯಲ್ಲಿ ನಂಜನಗೂಡಿನ ಜನಸಂಖ್ಯೆ 50 ಸಾವಿರಕ್ಕಿಂತ ಚೂರು ಜಾಸ್ತಿ, ಅಷ್ಟೇ. ಹುಣಸೂರಿನದೂ ಇದೇ ಕಥೆ. ಎರಡೂ ಗೆರೆಯನ್ನು ಕೂದಲೆಳೆಯಲ್ಲಿ ದಾಟಿದ ಊರುಗಳು.

ಜನಗಣತಿಯವರ ಲೆಕ್ಕ ಬೇರೆ. ಅವರು ಸಿಟಿ ಅನ್ನುವುದು 1 ಲಕ್ಷ ಮುಟ್ಟಿದ ಊರಿಗೆ, ಅದರ ಕೆಳಗಿನದೆಲ್ಲ ಟೌನ್. ನಮ್ಮ ಮಂಡ್ಯ 2011ರಲ್ಲಿ 1.37 ಲಕ್ಷ ಇತ್ತು, ಆದ್ದರಿಂದ ಸಿಟಿ. ನಂಜನಗೂಡು ಟೌನ್. ಆದರೆ ಎರಡೂ ಕಡೆ ಇರುವುದು ನಗರಸಭೆಯೇ. ಹೀಗಾಗಿ ಸರ್ಕಾರಿ ಕಾಗದ ತೋರಿಸಿ ಯಾರಾದರೂ ನಿಮ್ಮ ಜೊತೆ ವಾದಕ್ಕೆ ಬಂದರೆ, ನೀವೂ ಇನ್ನೊಂದು ಸರ್ಕಾರಿ ಕಾಗದ ತೋರಿಸಬಹುದು.

ಕಚೇರಿಯ ಬೋರ್ಡ್ ನೋಡಿ ಊರನ್ನು ಅಳೆಯಲು ಹೋದರೆ ಎಂಥ ಫಜೀತಿ ಅಂತ ನಮ್ಮ ಸುತ್ತಮುತ್ತಲೇ ನೋಡಬಹುದು. ಶ್ರೀರಂಗಪಟ್ಟಣವನ್ನು 1610ರಲ್ಲಿ ರಾಜ ಒಡೆಯರು ಗೆದ್ದುಕೊಂಡರು. ಅಲ್ಲಿಂದ 1799ರವರೆಗೆ ಮೈಸೂರು ರಾಜ್ಯ ನಡೆದದ್ದು ಅಲ್ಲಿಂದಲೇ. ಈಗ ಅಲ್ಲಿರುವುದು ಪುರಸಭೆ. ಮೈಸೂರಿನ ಅಂಚಿನ ಹೂಟಗಳ್ಳಿಗೆ 2020ರಲ್ಲಿ ಸೀದಾ ನಗರಸಭೆಯೇ ಬಂತು. ಸುತ್ತಲಿನ ಹಳ್ಳಿಗಳು, ಬಡಾವಣೆಗಳನ್ನು ಒಟ್ಟು ಹಾಕಿ ಮಾಡಿದ್ದು ಅದು. ಅಲ್ಲಿರುವವರನ್ನು ಯಾವೂರು ಅಂತ ಕೇಳಿ ನೋಡಿ, ಮೈಸೂರು ಅಂತಾರೆ. ನಿಮ್ಮ ಪರಿಚಯ ಲೇಖನದಲ್ಲಿ 'ಹೂಟಗಳ್ಳಿ ನಗರ, ಶ್ರೀರಂಗಪಟ್ಟಣ ಪಟ್ಟಣ' ಅಂತ ಬರೆದರೆ ಓದುವವರು ನಗುತ್ತಾರೆ, ಅಲ್ವಾ?

ನಂಜನಗೂಡಿಗೆ ಪೇಟೆ ಇದೆ, ಕಪಿಲೆಯ ದಂಡೆ ಇದೆ, ಶ್ರೀಕಂಠೇಶ್ವರನ ದೊಡ್ಡ ಜಾತ್ರೆ ಇದೆ, ಕೈಗಾರಿಕಾ ಪ್ರದೇಶವೂ ಇದೆ. ಅದರ ತೂಕಕ್ಕೆ 'ಪಟ್ಟಣ' ಅನ್ನುವುದು ಕಡಿಮೆಯೇನಲ್ಲ. ನಮ್ಮ ಪತ್ರಿಕೆಗಳ ರೂಢಿಯೂ ಹೀಗೇ ಬಂದಿದೆ. ಮಂಡ್ಯದ ಸುದ್ದಿ ಆದರೆ 'ನಗರದ ಜಿಲ್ಲಾಧಿಕಾರಿ ಕಚೇರಿ ಎದುರು', ತಾಲ್ಲೂಕು ಕೇಂದ್ರದ್ದಾದರೆ 'ಪಟ್ಟಣದ ತಾಲ್ಲೂಕು ಕಚೇರಿ ಎದುರು'. ನಗರಸಭೆ ಬಂದ ಊರುಗಳಲ್ಲಿ ಕೆಲವು ವರದಿಗಾರರು 'ನಗರದ' ಅಂತ ಶುರು ಮಾಡುತ್ತಾರೆ. ಅದು ತಪ್ಪಲ್ಲ, ಆದರೆ ನನ್ನ ಕಿವಿಗೆ ಇನ್ನೂ ಒಗ್ಗಿಲ್ಲ.

ಹಾಗಾದರೆ ನಗರಸಭೆ ಆಗುವುದರಿಂದ ಬದಲಾಗುವುದೇನು? ಮುಖ್ಯಾಧಿಕಾರಿ ಹೋಗಿ ಪೌರಾಯುಕ್ತರು ಬರುತ್ತಾರೆ. ವಾರ್ಡು ಹೆಚ್ಚುತ್ತವೆ: ಶ್ರೀರಂಗಪಟ್ಟಣದಂಥ ಪುರಸಭೆಯಲ್ಲಿ 23, ನಂಜನಗೂಡಿನಲ್ಲಿ 31, ಮಂಡ್ಯದಲ್ಲಿ 35. ಕೇಂದ್ರ ಸರ್ಕಾರಿ ನೌಕರರು ಮನೆ ಬಾಡಿಗೆ ಭತ್ಯೆ ಜಾಸ್ತಿ ಆಗುತ್ತೆ ಅಂತ ಸುಮ್ನೆ ಆಸೆ ಪಡಬೇಡಿ. ಅವರ ಪಟ್ಟಿಯಲ್ಲಿ ಮೈಸೂರು 'ವೈ' ದರ್ಜೆ, ಮಂಡ್ಯ ನಂಜನಗೂಡು ಎರಡೂ ಕೊನೆಯ 'ಝಡ್' ದರ್ಜೆ.

ನಿಜವಾದ ಬಿಸಿ ತಟ್ಟುವುದು ಅಂಚಿನ ಹಳ್ಳಿಗಳಿಗೆ. ಜನಸಂಖ್ಯೆ ಸಾಲದೆ ಬಂದರೆ ಅಕ್ಕಪಕ್ಕದ ಗ್ರಾಮ ಪಂಚಾಯಿತಿಗಳನ್ನು ಒಳಗೆ ಎಳೆದುಕೊಳ್ಳುವುದು ಸಾಮಾನ್ಯ. ಮದ್ದೂರನ್ನು ನಗರಸಭೆ ಮಾಡಲು ಹೊರಟಾಗ ಗೆಜ್ಜಲಗೆರೆಯವರು ನಮ್ಮನ್ನು ಸೇರಿಸಬೇಡಿ ಅಂತ ಹೋರಾಟಕ್ಕೆ ಇಳಿದರು. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು, ಯಾರಾದರೂ ನಗರ ಬೇಡ ಅಂತಾರಾ ಅಂತ. ಲೆಕ್ಕ ಹಾಕಿ ನೋಡಿ. ಪಂಚಾಯಿತಿ ಹೋದರೆ ಹಳ್ಳಿಗೆ ಮೀಸಲಾದ ಉದ್ಯೋಗ ಖಾತ್ರಿ ಕೆಲಸ ಹೋಯಿತು. ಕಂದಾಯ ಸಾಮಾನ್ಯವಾಗಿ ಏರುತ್ತದೆ. ಕೈಗೆ ಸಿಗುತ್ತಿದ್ದ ಪಂಚಾಯಿತಿ ಸದಸ್ಯನ ಬದಲು ದೊಡ್ಡ ವಾರ್ಡಿನ ಸದಸ್ಯನನ್ನು ಹುಡುಕಿಕೊಂಡು ಹೋಗಬೇಕು. ಚರಂಡಿ, ಬೀದಿದೀಪ, ಕುಡಿಯುವ ನೀರು ಚೆನ್ನಾಗಿ ಆಗಬಹುದು, ಆದರೆ ಅದಕ್ಕೆ ಕಾಯಬೇಕು. ತೆರಿಗೆ ನೋಟಿಸು ಮಾತ್ರ ಕಾಯುವುದಿಲ್ಲ.

ಸೈಟಿನ ಬೆಲೆ ಏರುತ್ತೆ ಅಂತ ಖುಷಿಪಡುವವರೂ ಇದ್ದಾರೆ. ಅದೂ ಸುಳ್ಳಲ್ಲ. ಸ್ವಂತ ಹೊಲ ಇಲ್ಲದೆ ಕೂಲಿಗೆ ಹೋಗುವವರಿಗೆ ಅದರಿಂದ ಏನು ಬಂತು ಅಂತ ನಾನು ಕೇಳುತ್ತೇನೆ, ಮನೆಯಲ್ಲಿ ಈ ವಿಷಯಕ್ಕೆ ಜಗಳವೂ ಆಗಿದೆ.

ಕೊನೆಗೆ, ನೀವು ಕೇಳದ ಒಂದು ಮಾತು. ನಿಮ್ಮದೋ ನೆಂಟರದೋ ಸೈಟು ಹೀಗೆ ಹೊಸದಾಗಿ ಸೇರಿದ ಹಳ್ಳಿಯಲ್ಲಿದ್ದರೆ, ಹಳೆಯ ಪಂಚಾಯಿತಿಯ ಇ-ಸ್ವತ್ತು ಕಾಗದ ಇಟ್ಟುಕೊಂಡು ಸುಮ್ಮನೆ ಕೂರಬೇಡಿ. ಪುರಸಭೆ, ನಗರಸಭೆಯ ಆಸ್ತಿಗೆ ಇ-ಆಸ್ತಿ ಖಾತೆ ಬೇಕು. ಮಾರುವ ಹೊತ್ತಿಗೆ ಓಡಾಡುವುದಕ್ಕಿಂತ ಈಗಲೇ ಕಂದಾಯ ಶಾಖೆಗೆ ಹೋಗಿ ಹಳೆಯ ಕಂದಾಯ ರಸೀದಿ, ಕ್ರಯಪತ್ರ ಕೊಟ್ಟು ಅರ್ಜಿ ಹಾಕಿ.