ಒಬ್ಬರೇ ಡೆವಲಪರ್ ಕಟ್ಟಿದ ‘ಎರೆನ್‌ಶೋರ್’ ಆಟದಲ್ಲಿ ಅಂಥ ಆಕರ್ಷಣೆ ಏನಿದೆ?

2025ರ ಏಪ್ರಿಲ್‌ನಲ್ಲಿ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಅರ್ಲಿ ಆಕ್ಸೆಸ್ ಆಗಿ, ಅಂದರೆ ಪೂರ್ಣಗೊಳ್ಳುವ ಮೊದಲೇ ಕೊಂಡು ಆಡಬಹುದಾದ ಸ್ಥಿತಿಯಲ್ಲಿ, ಬಂದ ಈ ಫ್ಯಾಂಟಸಿ ಆಟದ ಸೆಳೆತವೆಲ್ಲ ನನ್ನ ದೃಷ್ಟಿಯಲ್ಲಿ ಒಂದೇ ಕಲ್ಪನೆಯಲ್ಲಿದೆ. ಸಾವಿರಾರು ಜನ ಆನ್‌ಲೈನ್‌ನಲ್ಲಿ ಕೂಡಿ ಆಡುವ ಆಟದಂತೆಯೇ ಇದು ಕಾಣುತ್ತದೆ. ಆದರೆ ಅಲ್ಲಿರುವ ನಿಜವಾದ ಆಟಗಾರರು ನೀವೊಬ್ಬರೇ. ಉಳಿದವರೆಲ್ಲ ‘ಸಿಮ್‌ಪ್ಲೇಯರ್’ಗಳು, ಅಂದರೆ ಆಟಗಾರರಂತೆ ನಡೆದುಕೊಳ್ಳುವ, ಕಂಪ್ಯೂಟರೇ ನಡೆಸುವ ಪಾತ್ರಗಳು. ಅವರು ತಮ್ಮ ಪಾಡಿಗೆ ತಾವು ಲೆವೆಲ್ ಏರುತ್ತಾರೆ, ಆಯುಧಗಳನ್ನು ಸಂಪಾದಿಸುತ್ತಾರೆ, ಗಿಲ್ಡ್ ಎಂಬ ಆಟಗಾರರ ಕೂಟ ಸೇರುತ್ತಾರೆ, ಚಾಟ್‌ನಲ್ಲಿ ಹರಟುತ್ತಾರೆ. ನೀವು ಕರೆದರೆ ತಂಡಕ್ಕೆ ಬಂದು, ಒಬ್ಬರು ಶತ್ರುವಿನ ಏಟು ತಡೆದುಕೊಳ್ಳುತ್ತಿರುವಾಗ ಇನ್ನೊಬ್ಬರು ಗಾಯ ಮಾಯಿಸುತ್ತ ನಿಮ್ಮ ಜೊತೆಗೆ ಹೋರಾಡುತ್ತಾರೆ.

1999ರ ಎವರ್‌ಕ್ವೆಸ್ಟ್‌ನಂಥ ಆನ್‌ಲೈನ್ ಆಟಗಳ ನಿಧಾನಗತಿಯನ್ನು, ಪಾತ್ರಗಳ ಮಾತನ್ನು ಗಮನವಿಟ್ಟು ಓದಿ ಮುಂದಿನ ಹೆಜ್ಜೆಯನ್ನು ತಾವೇ ಕಂಡುಕೊಳ್ಳುವ ಸುಖವನ್ನು ಇದು ಮರಳಿ ಕೊಡುತ್ತದೆ. ಆಗ ತಂಡ ಕೂಡುವುದಕ್ಕೇ ಬಹಳ ಹೊತ್ತು ಕಾಯಬೇಕಿತ್ತು. ಕೆಲಸ, ಸಂಸಾರ ಎರಡನ್ನೂ ನಿಭಾಯಿಸುವವರಿಗೆ ಅದು ಸಾಧ್ಯವಿರಲಿಲ್ಲ. ಇಲ್ಲಿ ಇಂಟರ್‌ನೆಟ್ ಕೂಡ ಬೇಕಿಲ್ಲ, ಮಗು ಅತ್ತರೆ ಯಾರ ಕ್ಷಮೆಯನ್ನೂ ಕೇಳದೆ ಎದ್ದುಹೋಗಬಹುದು. ನನಗೆ ಬಹಳ ಹಿಡಿಸಿದ್ದು ಇದೇ.

ಚಿತ್ರಣ ದೊಡ್ಡ ಸಂಸ್ಥೆಗಳ ಆಟಗಳಷ್ಟು ನಯವಾಗಿಲ್ಲ. ಆದರೂ ಊರು, ಕಾಡು, ಗುಹೆಗಳಲ್ಲೆಲ್ಲ ಒಬ್ಬರದೇ ಅಭಿರುಚಿ ಎದ್ದು ಕಾಣುತ್ತದೆ.